ನಾಲ್ಕನೇ ರೀಲಿನ ಜಿಗಿತ

ಕಡೂರಿನಲ್ಲಿ ಬಸ್ಸಿಗೆ ಕಾಯುವಾಗ ಗೋಬಿ ಮಂಚೂರಿ ಗಾಡಿಯ ಪಕ್ಕ ನಿಲ್ಲಬಾರದು ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ಮೊನ್ನೆ ದಿಢೀರನೆ ಮಳೆ ಬಂತೆಂದು ಅದರ ತಗಡಿನ ಕೆಳಗೇ ನಿಂತೆ. ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಆ ಹುಳಿ ಆವಿ ಮೂಗಿಗೆ ಬಡಿದದ್ದೇ ತಡ, ನನಗೆ ಮೈಯೆಲ್ಲ ಉರಿಯಿತು. "ಅಕ್ಕಾ, ಒಂದ್ ಪ್ಲೇಟ್ ಕೊಡ್ಲಾ?" ಎಂದು ಕೇಳಿದವನಿಗೆ "ಏನೂ ಬೇಡ ಹೋಗಪ್ಪ" ಎಂದು ಸಿಡುಕಿ ಮಳೆಯಲ್ಲೇ ನಡೆದುಬಿಟ್ಟೆ. ಪಾಪ, ಅವನದೇನು ತಪ್ಪು? ಕೊಳೆಯುತ್ತಿರುವ ಹಳೆಯ ಫಿಲ್ಮಿಗೂ ಇದೇ ವಾಸನೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು. ಮೂರು ವರ್ಷದ ಹಿಂದಿನ ಮುಂಗಾರು ಪೂರ್ತಿ ನನ್ನ ಅಂಗಡಿ, ನನ್ನ ಸೀರೆ, ನನ್ನ ಊಟದ ಡಬ್ಬಿ ಎಲ್ಲವೂ ಹೀಗೇ ನಾರುತ್ತಿದ್ದವು. ಆ ಮಳೆಗಾಲದ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ.

ನನ್ನದು ತರೀಕೆರೆಯಲ್ಲಿ ಟಿವಿ ಅಂಗಡಿ. ಅಪ್ಪ ರೇಡಿಯೋ ರಿಪೇರಿಗೆಂದು ತೆರೆದದ್ದು, ಅವರ ನಂತರ ನಾನು ನಡೆಸುತ್ತಿದ್ದೇನೆ. ಟಿವಿ ಮಾರಿ ಕೈತೊಳೆದುಕೊಳ್ಳುವುದಿಲ್ಲ. ಮನೆಗೆ ಹೋಗಿ ಗೋಡೆಗೆ ಹಾಕಿ, ಅಳತೆಯ ಮೀಟರು ಹಿಡಿದು ಬಣ್ಣ, ಬೆಳಕು ಸರಿಮಾಡಿ ಕೊಟ್ಟು ಬರುತ್ತೇನೆ. ಈ ಕೊನೆಯ ಕೆಲಸ ಮಾತ್ರ ಯಾರಿಗೂ ಬೇಡ. ಕಂಪನಿಯವರು ಪೆಟ್ಟಿಗೆಯಿಂದ ತೆಗೆಯುವಾಗಲೇ ಚಿತ್ರವನ್ನು ಕಣ್ಣು ಕುಕ್ಕುವ ಹಾಗೆ ಇಟ್ಟು ಕಳಿಸಿರುತ್ತಾರೆ. ಹುಲ್ಲು ಪ್ಲಾಸ್ಟಿಕ್ಕಿನ ಹಸಿರು, ತುಟಿ ರಕ್ತ ಕುಡಿದ ಕೆಂಪು, ಚರ್ಮ ಮೇಣ. ಸಿನಿಮಾ ಹಾಕಿದರೆ ಮನುಷ್ಯರು ನೀರಿನ ಮೇಲೆ ಜಾರಿದ ಹಾಗೆ ಓಡಾಡುತ್ತಾರೆ, ಏಕೆಂದರೆ ಇಲ್ಲದ ಚಿತ್ರಗಳನ್ನು ನಡುನಡುವೆ ತಾನೇ ಹುಟ್ಟಿಸಿ ತುಂಬುವ ಬುದ್ಧಿ ಆ ಟಿವಿಗೆ ಇದೆ. ನಾನು ಅದನ್ನೆಲ್ಲ ಆರಿಸುತ್ತೇನೆ. ಮನೆಯವರು ಮತ್ತೆ ಹಾಕಿಕೊಳ್ಳುತ್ತಾರೆ.

ಚೌಳಹಿರಿಯೂರಿನ ಒಂದು ಮನೆಯಲ್ಲಿ ಎರಡು ತಾಸು ಕೂತು ಸರಿಮಾಡಿದ್ದೆ. ತೆಂಗಿನ ತೋಟದ ಯಜಮಾನರು ನೋಡಿ ಮುಖ ಗಂಟಿಕ್ಕಿದರು.

"ಏನಮ್ಮಾ ಇದು, ಹೊಸಾ ಟಿವಿ ಹಳೇದ್ರಂಗೆ ಮಂಕಾಗ್ಬಿಡ್ತಲ್ಲ!"

"ಮಂಕಲ್ಲ ಯಜಮಾನ್ರೇ. ಮುಖ ನೋಡಿ, ಮನುಷ್ಯರ ಮುಖದಂಗೆ ಕಾಣ್ತಿಲ್ವಾ?"

"ಮನುಷ್ಯರ ಮುಖ ಮನೇಲೇ ಅವಲ್ಲಮ್ಮ. ಅದನ್ನ ನೋಡಕ್ಕೆ ಟಿವಿ ಯಾಕೆ ಬೇಕು? ಇದು ಮಿಂಚ್ಬೇಕು ಕಣಮ್ಮ."

ಹೀಗೆ ಊರೂರು ತಿರುಗಿ ಬೈಸಿಕೊಂಡವಳಿಗೆ ಒಂದೇ ಸಮಾಧಾನವೆಂದರೆ ಫೋನಿನೊಳಗಿನ ಒಂದು ಗುಂಪು. ಹಳೆಯ ಕನ್ನಡ ಚಿತ್ರಗಳ ಹುಚ್ಚಿನವರು. ಎಲ್ಲೋ ಉಳಿದ ಪ್ರಿಂಟುಗಳನ್ನು ಹುಡುಕಿ, ತಾವೇ ಕಟ್ಟಿದ ಯಂತ್ರದಲ್ಲಿ ಒಂದೊಂದೇ ಫ್ರೇಮನ್ನು ಕಂಪ್ಯೂಟರಿಗೆ ಇಳಿಸಿ, ಕೊಳೆ ತೆಗೆದು, ಬಣ್ಣ ಕೂಡಿಸಿ, ನೋಡುವವರಿಗೆ ಪುಕ್ಕಟೆ ಕೊಡುತ್ತಿದ್ದರು. ಅದರ ಮುಖ್ಯಸ್ಥ ಶಿವಮೊಗ್ಗದ ನವೀನ. ನನಗಿಂತ ಹತ್ತು ವರ್ಷ ಚಿಕ್ಕವನು, ಚುರುಕು, ಮಾತು ಬೆಣ್ಣೆ.

ಆ ವರ್ಷ ಮೇ ಕೊನೆಯಲ್ಲಿ ಅಜ್ಜಂಪುರದ ರುದ್ರಪ್ಪನವರ ಮನೆಗೆ ಟಿವಿ ಹಾಕಲು ಹೋಗಿದ್ದೆ. ಅವರು ಅಪ್ಪನ ಗೆಳೆಯರು, ನನಗೆ ದೊಡ್ಡಪ್ಪ. ಅಲ್ಲಿನ ಟೂರಿಂಗ್ ಟಾಕೀಸಿನಲ್ಲಿ ಇಪ್ಪತ್ತು ವರ್ಷ ಆಪರೇಟರ್ ಆಗಿದ್ದವರು. ಎಪ್ಪತ್ತು ದಾಟಿದ್ದರೂ ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತಪ್ಪಿಸಿದವರಲ್ಲ. ವೈರು ಎಳೆಯಲು ಅಟ್ಟ ಹತ್ತಿದರೆ ಕೊಬ್ಬರಿ ರಾಶಿಯ ಹಿಂದಿನಿಂದ ಆ ಹುಳಿ ವಾಸನೆ. ತುಕ್ಕು ಹಿಡಿದ ತಗಡಿನ ಡಬ್ಬಿಗಳು, ಒಳಗೆ ಒಂದು ಇಡೀ ಚಿತ್ರದ ರೀಲುಗಳು. ಟೆಂಟು ಮುಚ್ಚುವ ಹೊತ್ತಿಗೆ ಬಂದಿದ್ದ ಪ್ರಿಂಟು, ವಾಪಸ್ ಕೇಳಲು ಯಾರೂ ಬಂದಿರಲಿಲ್ಲ. ಚಿತ್ರದ ಹೆಸರು ಹೇಳಿದರೆ ಹಕ್ಕು ತನ್ನದೆಂದು ಯಾರಾದರೂ ಎದ್ದು ಬಂದಾರು, ಬೇಡ. ಅದರ ಬೇರೆ ಪ್ರತಿ ಎಲ್ಲೂ ಉಳಿದಿಲ್ಲ ಎಂದು ನಮ್ಮ ಗುಂಪಿನಲ್ಲಿ ವರ್ಷಗಟ್ಟಲೆ ಅತ್ತಿದ್ದರು ಅಂದರೆ ಸಾಕು.

"ತಗೊಂಡೋಗು ಮಗಾ," ಎಂದರು ದೊಡ್ಡಪ್ಪ. "ಆದ್ರೆ ನಾನೂ ಬತ್ತೀನಿ, ಕೂತು ನೋಡ್ತೀನಿ. ಆಮೇಲೆ ಮೊದಲ್ನೇ ಆಟ ನಮ್ಮನೇಲೇ ಆಗ್ಬೇಕು."

"ಯಾಕೆ ದೊಡ್ಡಪ್ಪ?"

"ಅದ್ರಲ್ಲಿ ಗಿರಿಜಾ ಅವ್ಳೆ ಕಣೇ."

ಗಿರಿಜಮ್ಮ ಅವರ ಹೆಂಡತಿ. ತೀರಿಕೊಂಡು ಆಗಲೇ ಎಂಟು ವರ್ಷವಾಗಿತ್ತು. ಗಿರಿಜಮ್ಮನ ತಂದೆ ಕೆಮ್ಮಣ್ಣುಗುಂಡಿಯಲ್ಲಿ ಅದಿರು ಅಗೆಯುವ ಕೆಲಸಕ್ಕಿದ್ದರಂತೆ. ಚಿತ್ರದವರು ಅಲ್ಲಿಗೆ ಬಂದಾಗ, ಇಳಿಜಾರಿನಲ್ಲಿ ನಾಯಕ ನಡೆದುಬರುವ ಹಿಂದೆ ಗುಂಪು ಬೇಕೆಂದು ಅಲ್ಲಿನ ಜನರನ್ನೇ ಬುಟ್ಟಿ ಹೊರಿಸಿ ನಡೆಸಿದ್ದರು. ಹದಿನೆಂಟರ ಗಿರಿಜಾ ಆ ಸಾಲಿನಲ್ಲಿ ಮೂರನೆಯವಳು. ನಾಲ್ಕು ಹೆಜ್ಜೆ ನಡೆದು, ಕ್ಯಾಮೆರಾದ ಕಡೆ ತಿರುಗಬಾರದು ಎಂದು ಹೇಳಿದ್ದರೂ ತಿರುಗಿ ನಕ್ಕುಬಿಟ್ಟಿದ್ದಳು. ಅಜ್ಜಂಪುರದ ಟೆಂಟಿನಲ್ಲಿ ಮೂರು ವಾರ, ದಿನಕ್ಕೆರಡು ಆಟ, ಆ ನಗುವನ್ನು ಓಡಿಸಿದ ಆಪರೇಟರ್ ಕೊನೆಗೆ ಹಿರಿಯರನ್ನು ಕರೆದುಕೊಂಡು ಬೆಟ್ಟ ಹತ್ತಿ ಹೆಣ್ಣು ಕೇಳಿದ್ದರು. ಮದುವೆಯ ಫೋಟೋದಲ್ಲಿ ಗಿರಿಜಮ್ಮ ತಲೆ ತಗ್ಗಿಸಿದ್ದಾರೆ. ಆಮೇಲಿನ ಫೋಟೋಗಳಲ್ಲೆಲ್ಲ ಫೋಟೋಕ್ಕೆ ನಿಂತವರ ಗಂಟುಮುಖ.

"ಅವ್ಳು ನಗೋದು ಅದ್ರಲ್ಲಿ ಮಾತ್ರ ಉಳ್ದೈತೆ," ಎಂದರು ದೊಡ್ಡಪ್ಪ. "ಒಂದೇ ಸಲ ನೋಡ್ಬೇಕು."

ಜೂನ್ ಮೊದಲ ವಾರಕ್ಕೆ ನವೀನ ತನ್ನ ಯಂತ್ರ ತಂದು ಅಂಗಡಿಯ ಹಿಂದಿನ ಕೋಣೆಯಲ್ಲಿಟ್ಟು ಹೋದ. ಹಳೆಯ ಕ್ಯಾಮೆರಾ ಮತ್ತು ಹೊಲಿಗೆ ಯಂತ್ರದ ಮೋಟಾರು ಸೇರಿಸಿ ಮಾಡಿದ್ದು. ಅಷ್ಟರಲ್ಲಿ ಮಳೆ ಹಿಡಿಯಿತು. ದೊಡ್ಡಪ್ಪ ಬೆಳಗಿನ ಬಸ್ಸಿಗೆ ಕೊಡೆ, ಒಂದು ಪೊಟ್ಟಣ ಕಡಲೆಕಾಯಿ ಹಿಡಿದು ಬರುತ್ತಿದ್ದರು. ಫಿಲ್ಮು ಕುಗ್ಗಿ ಡೊಂಕಾಗಿತ್ತು. ಅವರು ಬೆರಳಲ್ಲಿ ಮುಟ್ಟಿ ನೋಡಿಯೇ ಎಲ್ಲಿ ಹರಿಯುತ್ತದೆ ಎಂದು ಹೇಳುತ್ತಿದ್ದರು. ನವೀನನ ಯಂತ್ರದ ಹಲ್ಲುಚಕ್ರಕ್ಕೆ ಹತ್ತಿ ಸುತ್ತಿ ಫಿಲ್ಮು ಕಚ್ಚದ ಹಾಗೆ ಮಾಡಿದ್ದೂ ಅವರೇ. ಇಂಜಿನಿಯರಿಂಗ್ ಓದಿದ ನವೀನನಿಗೆ ಅದು ಹೊಳೆದಿರಲಿಲ್ಲ.

ಇಡೀ ಚಿತ್ರ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಆ ಕಾಲದ ಬಣ್ಣದ ಪ್ರಿಂಟುಗಳೇ ಹಾಗೆ, ಹಸಿರು ನೀಲಿ ಹೋಗಿ ಕೆಂಪು ಮಾತ್ರ ಉಳಿಯುತ್ತದೆ. ನಾನು ಅಂಗಡಿಯ ದೊಡ್ಡ ಟಿವಿಯಲ್ಲಿ ನೋಡಿಕೊಂಡು ದೃಶ್ಯದಿಂದ ದೃಶ್ಯಕ್ಕೆ ಬಣ್ಣ ಕೂಡಿಸುತ್ತಾ ಹೋದೆ. ಎರಡು ರೀಲು ಮುಗಿದಿತ್ತು. ಒಂದು ಬೆಳಿಗ್ಗೆ ಮೊದಲ ರೀಲು ಹಾಕಿ ನೋಡಿದರೆ ಎಲ್ಲರಿಗೂ ಕಾಮಾಲೆ ಬಂದ ಹಾಗಿದೆ. ನಿನ್ನೆ ಇದೇ ಸರಿಯಾಗಿತ್ತಲ್ಲ! ತಿದ್ದಿದೆ. ಮಧ್ಯಾಹ್ನ ಕರೆಂಟು ಹೋಗಿ ಬಂತು. ನೋಡಿದರೆ ಈಗ ನೀಲಿ. ನವೀನನಿಗೆ ಫೋನ್ ಮಾಡಿ ನಿನ್ನ ಯಂತ್ರವೇ ದರಿದ್ರ ಎಂದು ಬೈದೆ. ಅವನು ನಿಮ್ಮ ಕಣ್ಣು ತೋರಿಸಿಕೊಳ್ಳಿ ಅಕ್ಕಾ ಎಂದ.

ದೊಡ್ಡಪ್ಪ ಕಡಲೆಕಾಯಿ ಬಿಡಿಸುವುದು ನಿಲ್ಲಿಸಿ ಹೇಳಿದರು. "ಫಿಲಂ ತೆಗಿ. ಬರೀ ಬೆಳಕು ಬಿಡು."

"ಅಂದ್ರೆ?"

"ಟೆಂಟ್‌ನಾಗೆ ನಾವು ಫಿಲಂ ಹಾಕೋ ಮುಂಚೆ ಬರೀ ಬೆಳಕು ಬಿಟ್ಟು ಪರದೆ ನೋಡ್ತಿದ್ವಿ. ಬೆಳಕೇ ನೆಟ್ಟಗಿಲ್ದಿದ್ರೆ ಚಿತ್ರ ಏನ್ ಮಾಡೀತು?"

ಟಿವಿಗೆ ಬರೀ ಬಿಳಿ ಹಾಳೆಯ ಚಿತ್ರ ಹಾಕಿದೆ. ಅವರು ಕಿಟಕಿ ತೆರೆದು, ಚೀಲದಿಂದ ವಿಭೂತಿ ಗಟ್ಟಿ ತೆಗೆದು, ಮೋಡದ ಬೆಳಕು ಅದರ ಮೇಲೆ ಬೀಳುವ ಹಾಗೆ ಪರದೆಯ ಪಕ್ಕ ಹಿಡಿದರು. ವಿಭೂತಿ ಬೆಳ್ಳಗಿತ್ತು. ನನ್ನ ಟಿವಿಯ ಬಿಳಿ ಬಟ್ಟೆಗೆ ಹಾಕುವ ನೀಲಿಯ ಹಾಗಿತ್ತು. ಮೋಡ ಮುಚ್ಚಿದ ಹಗಲಿನ ಬೆಳಕೇ ಟಿವಿಯ ಬಿಳಿಗೆ ಅಳತೆ ಎಂದು ನಾನು ಪುಸ್ತಕದಲ್ಲಿ ಓದಿ, ಮೀಟರು ಕೊಂಡು, ಊರಿಗೆಲ್ಲ ಉಪದೇಶ ಮಾಡಿದವಳು.

ಆಮೇಲೆ ತಿಳಿಯಿತು. ಗಿರಾಕಿಗಳಿಗೆ ಕಾಣಲೆಂದು ಆ ಟಿವಿಯನ್ನು ಅಂಗಡಿಯ ಡೆಮೊ ಮೋಡಿನಲ್ಲಿ ಇಟ್ಟಿದ್ದೆ. ನಾನು ಎಷ್ಟೇ ಸರಿಮಾಡಿರಲಿ, ಕರೆಂಟು ಹೋಗಿ ಬಂದಾಗಲೆಲ್ಲ ಅದು ತನ್ನ ಕಣ್ಣು ಕುಕ್ಕುವ ಬಣ್ಣಕ್ಕೇ ಹೊರಳುತ್ತಿತ್ತು. ತರೀಕೆರೆಯ ಮಳೆಗಾಲದಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ಲೆಕ್ಕ ಇಟ್ಟವರಿಲ್ಲ. ಊರವರ ಟಿವಿಯನ್ನೆಲ್ಲ ಬೈದು ತಿದ್ದಿದವಳು ನನ್ನ ಟಿವಿಯನ್ನೇ ನೋಡಿರಲಿಲ್ಲ. ನನಗೆ ನನ್ನ ಮೇಲೆ ಬಂದ ಸಿಟ್ಟಿಗೆ ರಿಮೋಟು ಗೋಡೆಗೆ ಬಡಿದು ಎರಡು ಹೋಳಾಯಿತು. ದೊಡ್ಡಪ್ಪ ಹೋಳುಗಳನ್ನು ಎತ್ತಿ ಮೇಜಿನ ಮೇಲಿಟ್ಟು ಮತ್ತೆ ಕಡಲೆಕಾಯಿಗೆ ಕೈಹಾಕಿದರು. ಎರಡು ರೀಲಿನ ಕೆಲಸ ಮೊದಲಿನಿಂದ ಮಾಡಿದೆ.

ನಾಲ್ಕನೇ ರೀಲು ಬಂದದ್ದು ಜುಲೈಯಲ್ಲಿ, ಮಳೆ ಬಿಡದೆ ಹೊಡೆಯುತ್ತಿದ್ದಾಗ. ಕೆಮ್ಮಣ್ಣುಗುಂಡಿಯ ಇಳಿಜಾರು. ಬುಟ್ಟಿ ಹೊತ್ತವರ ಸಾಲು. ಮೂರನೆಯವಳು ಒಂದು, ಎರಡು, ಮೂರು, ನಾಲ್ಕು ಹೆಜ್ಜೆ ನಡೆದಳು, ಕತ್ತು ಹೊರಳಿತು, ಅಷ್ಟೇ, ಚಿತ್ರ ಟಪ್ಪನೆ ಹಾರಿ ಅವಳ ಬೆನ್ನು ಕಂಡಿತು. ನಗುವ ಮುಖವೇ ಇಲ್ಲ. ನಿಧಾನ ಮಾಡಿ ನೋಡಿದೆ. ಅಲ್ಲಿ ಯಾರೋ ಫಿಲ್ಮು ಕತ್ತರಿಸಿ ತುದಿಗಳನ್ನು ಅಂಟಿಸಿದ್ದರು. ಹರಿದ ಗುರುತಿಲ್ಲ, ಕತ್ತರಿಯ ನೇರ ಗುರುತು. ಹಿಂದಿನ ಮುಂದಿನ ಹೆಜ್ಜೆ ಲೆಕ್ಕ ಹಾಕಿದರೆ ಏಳು ಫ್ರೇಮು ಹೋಗಿತ್ತು.

ನಾನು ಬಾಯಿಗೆ ಬಂದ ಹಾಗೆ ಬೈದೆ. "ಯಾವ ಕಟುಕ ದೊಡ್ಡಪ್ಪ ಇವ್ನು? ಇಡೀ ರೀಲು ಇತ್ತಲ್ಲ, ಬೇರೆ ಜಾಗ ಸಿಗ್ಲಿಲ್ವಾ ಇವನ ಕತ್ರಿಗೆ? ಕೈಗೆ ಕತ್ರಿ ಸಿಕ್ತು ಅಂತ ಕತ್ರಿಸೋದಾ? ಇವನ ಕೈ ಸೇದೋಗ!"

ದೊಡ್ಡಪ್ಪನ ಕೈಯಿಂದ ಕಡಲೆಕಾಯಿ ಸಿಪ್ಪೆ ನೆಲಕ್ಕೆ ಬಿತ್ತು, ಬಗ್ಗಿ ಒಂದೊಂದಾಗಿ ಆರಿಸಿಕೊಂಡರು. ಅವರಿಗೆ ದುಃಖವಾಗಿದೆ ಎಂದುಕೊಂಡು ನಾನು ಇನ್ನಷ್ಟು ಬೈದೆ. ಆ ವಾರವೆಲ್ಲ ಬೈದೆ. ಅಂಗಡಿಗೆ ಬಂದವರಿಗೂ ತೋರಿಸಿ ಬೈದೆ.

ನವೀನ ಫೋನಿನಲ್ಲಿ ಸಮಾಧಾನ ಮಾಡಿದ. "ಅಕ್ಕಾ, ಯಾಕೆ ಟೆನ್ಷನ್ ಮಾಡ್ಕೊತೀರಾ? ಸಾಫ್ಟ್‌ವೇರ್ ಐತೆ. ಹಿಂದೆ ಮುಂದೆ ಇರೋ ಫ್ರೇಮ್ ನೋಡಿ ನಡುವಿಂದು ಅದೇ ಮಾಡುತ್ತೆ. ಮುಖಾನೂ ಕ್ಲೀನ್ ಮಾಡುತ್ತೆ. ಗೆರೆ ಗಿರೆ ಏನೂ ಇರಲ್ಲ."

ಇದೇ ಬುದ್ಧಿಯನ್ನು ನಾನು ಮನೆಮನೆಗೆ ಹೋಗಿ ಆರಿಸಿ ಬರುತ್ತಿದ್ದೆ. ಹಿಂದಿನ ಮೂರು ರೀಲಿಗೆ ಅದನ್ನು ಮುಟ್ಟಿಸಿರಲಿಲ್ಲ. ಫಿಲ್ಮಿನ ಆ ಸಣ್ಣ ರವೆಯಂಥ ಕಾಳು ಇರಲೇಬೇಕು, ಅದನ್ನು ಉಜ್ಜಿದರೆ ಮುಖವೂ ಉಜ್ಜಿಹೋಗುತ್ತದೆ ಎಂದು ನವೀನನ ಜೊತೆ ಜಗಳವಾಡಿ ಗೆದ್ದಿದ್ದೆ. ಆದರೆ ನಾಲ್ಕನೇ ರೀಲಿನಲ್ಲಿ, ಆ ಕಾಣದ ಕಟುಕನ ಮೇಲಿನ ಹಟಕ್ಕೆ, ಹೂಂ ಎಂದುಬಿಟ್ಟೆ. ಒಂದು ಗುಂಡಿ ಒತ್ತಿದೆ. ಜಿಗಿತ ಮಾಯವಾಯಿತು. ಹುಡುಗಿ ಸರಾಗವಾಗಿ ತಿರುಗಿ, ನಕ್ಕು, ಮುಂದೆ ಹೋದಳು. ನೋಡಿ ನನಗೆ ಹೆಮ್ಮೆಯೇ ಆಯಿತು. ದೊಡ್ಡಪ್ಪನಿಗೆ ಮೊದಲೇ ತೋರಿಸದೆ ಆಟದ ದಿನಕ್ಕೆ ಮುಚ್ಚಿಟ್ಟೆ.

ಶ್ರಾವಣದ ಒಂದು ಸೋಮವಾರ ಮಧ್ಯಾಹ್ನ, ಅಜ್ಜಂಪುರದ ಅವರ ಮನೆಯಲ್ಲಿ ಮೊದಲ ಆಟ. ಸೊಸೆ ಮಂಜುಳಾ ಕಿಟಕಿಗೆ ಕಂಬಳಿ ಕಟ್ಟಿದ್ದಳು. ಅಕ್ಕಪಕ್ಕದವರು ಹತ್ತು ಜನ. ದೊಡ್ಡಪ್ಪ ಹೊಸ ಪಂಚೆ ಉಟ್ಟು ಮುಂದಿನ ಕುರ್ಚಿಯಲ್ಲಿ. ಟಿವಿಯ ಬಿಳಿಯನ್ನು ವಿಭೂತಿ ಗಟ್ಟಿಗೆ ಹೋಲಿಸಿ ನೋಡಿದ್ದೆ, ಸರಿಯಾಗಿತ್ತು. ಬಣ್ಣ ನೋಡಿ ಜನ ಹೋ ಎಂದರು. ಹಾಡಿಗೆ ಸೀಟಿ ಹೊಡೆದರು. ಇಳಿಜಾರು ಬಂತು. ಸಾಲು ಬಂತು. ಮೂರನೆಯವಳು ತಿರುಗಿ ನಕ್ಕಳು.

"ಅತ್ತೇರಾ ಇವ್ರು? ಎಷ್ಟ್ ಚೆನ್ನಾಗವ್ರೆ!" ಎಂದಳು ಮಂಜುಳಾ.

ದೊಡ್ಡಪ್ಪ ನನ್ನ ಕಡೆ ತಿರುಗಿದರು. "ಇವ್ಳು ಯಾರು ಮಗಾ?"

ನಾನು ತಮಾಷೆ ಎಂದುಕೊಂಡೆ.

"ಗಿರಿಜಾ ಎಡಹುಬ್ಬಿನ ಮ್ಯಾಲೆ ಕಲ್ಲೇಟು ಬಿದ್ದ ಗಾಯ ಇತ್ತು. ನಕ್ರೆ ಒಂದ್ಕಡೆ ಸೊಟ್ಟ ನಗೋಳು. ಇದ್ಯಾರ್ ಮಗಳು ಇದು?"

ಆಗ ನನಗೆ ಅರ್ಥವಾಯಿತು. ಕತ್ತು ಹೊರಳುವಾಗ ಅಂಚಿನಲ್ಲಿ ಕಂಡ ಹುಬ್ಬಿನ ಗಾಯವನ್ನು ಸಾಫ್ಟ್‌ವೇರು ಫಿಲ್ಮಿನ ಗೀರು ಎಂದು ತಿಳಿದು ಒರೆಸಿತ್ತು. ಇಲ್ಲದ ಏಳು ಫ್ರೇಮಿಗೆ ಎಲ್ಲೆಲ್ಲಿಯದೋ ಮುಖಗಳನ್ನು ಕಲಸಿ ಒಂದು ಹೊಸ ಮುಖ ಮಾಡಿ ಇಟ್ಟಿತ್ತು. ಹುಟ್ಟಿಯೇ ಇರದ ಹುಡುಗಿಯೊಬ್ಬಳು ಕೆಮ್ಮಣ್ಣುಗುಂಡಿಯ ಬುಟ್ಟಿ ಹೊತ್ತು ನಗುತ್ತಿದ್ದಳು. ಅವಳನ್ನು ಅಲ್ಲಿ ನಿಲ್ಲಿಸಿದವಳು ನಾನು. ಚೌಳಹಿರಿಯೂರಿನ ಯಜಮಾನರು ಇದಕ್ಕಿಂತ ಸಾವಿರ ಪಾಲು ಮೇಲು, ಅವರು ಕೆಡಿಸಿಕೊಂಡದ್ದು ಅವರ ಟಿವಿಯನ್ನು ಮಾತ್ರ.

ಜನ ಹೋದ ಮೇಲೆ ದೊಡ್ಡಪ್ಪ ದೇವರ ಗೂಡಿನಿಂದ ಒಂದು ಹಳೆಯ ವಿಭೂತಿ ಡಬ್ಬಿ ತಂದು ನನ್ನ ಮುಂದಿಟ್ಟರು. ಮುಚ್ಚಳ ತೆಗೆದರೆ ಅದೇ ಹುಳಿ ವಾಸನೆ. ಒಳಗೆ ಬೆರಳಗಲದ ಏಳು ಫಿಲ್ಮು ತುಂಡುಗಳು.

"ಆ ಕಟುಕ ನಾನೇ ಕಣಮ್ಮ."

ನಾನು ಒಂದು ತುಂಡನ್ನು ಎತ್ತಿ ಬೆಳಕಿಗೆ ಹಿಡಿದೆ.

"ಮೂರು ವಾರ ಆಗಿ ಪೆಟ್ಗೆ ಬೇರೆ ಊರಿಗೆ ಹೋಗೋ ದಿನ. ಅವಳ ಹೆಸ್ರೂ ಗೊತ್ತಿರ್ಲಿಲ್ಲ ಆಗ. ಇನ್ನು ಎಲ್ ನೋಡ್ತೀನಿ ಅನ್ನಿಸ್ತು. ಕತ್ರಿಸ್ಕೊಂಡ್ಬಿಟ್ಟೆ. ಆಪರೇಟರ್ ಆದವ್ನು ಮಾಡೋ ಕೆಲ್ಸ ಅಲ್ಲ ಅದು. ಎಷ್ಟೋ ವರ್ಷ ಆದ್ಮೇಲೆ ಅದೇ ಪ್ರಿಂಟು ತಿರುಗಿ ಬಂದಾಗ ನಾನ್ ಅಂಟ್ಸಿದ್ ಪ್ಯಾಚ್ ನಾನೇ ಗುರುತು ಹಿಡ್ದೆ. ಕತ್ರಿಸಿದ್ರೂ ನಗು ಒಂಚೂರು ರೀಲಲ್ಲಿ ಉಳ್ದಿರುತ್ತೆ ಅನ್ಕೊಂಡಿದ್ದೆ, ಏನೂ ಉಳ್ದಿರ್ಲಿಲ್ಲ."

"ನಾನು ಅಷ್ಟು ಬೈವಾಗ ಹೇಳ್ಬಾರ್ದಿತ್ತಾ ದೊಡ್ಡಪ್ಪ?"

"ಹೆಂಗ್ ಹೇಳ್ಲಿ? ಸರಿಯಾಗೇ ಬೈತಿದ್ದೆ."

ನಾನು ಅಲ್ಲೇ ಕೂತು ಅತ್ತೆ. ಅಳು ಅನ್ನುವುದಕ್ಕಿಂತ ಕೋಪ ಅದು. ಎರಡು ತಿಂಗಳು ನನ್ನ ಎದುರಿಗೇ ಕೂತಿದ್ದವರನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ನಾನು ಕೇಳಿದ್ದು ಗುಂಡಿಯನ್ನು.

ಏಳರಲ್ಲಿ ಮೂರು ಒಂದಕ್ಕೊಂದು ಕರಗಿ ಅಂಟಿ ಬೆಲ್ಲದ ಪಾಕದ ಹಾಗಾಗಿದ್ದವು. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಫಿಲ್ಮು ಬೇಗ ಕೊಳೆಯುತ್ತದೆ, ಜೋಪಾನ ಮಾಡಿದ್ದೇ ಮುಳುವಾಗಿತ್ತು. ನಾಲ್ಕು ಉಳಿದಿದ್ದವು. ಅವನ್ನು ಇಳಿಸಿಕೊಂಡೆ. ಬರೀ ಬಣ್ಣ ಕೂಡಿಸಿದೆ, ಬೇರೇನೂ ಮುಟ್ಟಲಿಲ್ಲ. ಹೋದ ಮೂರರ ಜಾಗದಲ್ಲಿ ಕಪ್ಪು ಬಿಟ್ಟೆ. ನಾಲ್ಕನೇ ರೀಲನ್ನು ಪೂರ್ತಿ ಮೊದಲಿನಿಂದ, ಗೀರು ಕಾಳು ಸಮೇತ ಮಾಡಿದೆ. ನವೀನನಿಗೆ ಕಳಿಸಿ, ಇದೇ ಹೊರಗೆ ಹೋಗಬೇಕು ಎಂದೆ.

"ಅಕ್ಕಾ, ಸೆಂಟಿಮೆಂಟ್ ಬೇಡ. ಜನಕ್ಕೆ ಇದು ಡ್ಯಾಮೇಜ್ ಥರ ಕಾಣುತ್ತೆ. ಆ ಹುಡ್ಗಿ ಹೀರೋಯಿನ್ನಾ ಏನು? ಹಿಂದೆ ನಡ್ಯೋಳು. ಯಾರ್ ನೋಡ್ತಾರೆ?"

"ನೋಡ್ದೋರು ಒಬ್ರಿದಾರೆ ಕಣೋ."

ಅವನು ಕೇಳಲಿಲ್ಲ. ಮೇಣದ ಹುಡುಗಿಯ ಪ್ರತಿಯನ್ನೇ ಬಿಟ್ಟ. ನನ್ನ ಕೈಯಿಂದಲೇ ಮೊದಲು ಅವನಿಗೆ ಹೋದ ಪ್ರತಿ ಅದು, ತಡೆಯಲು ನನಗೆ ಬಾಯಿರಲಿಲ್ಲ. ಕನ್ನಡಿಯ ಹಾಗಿದೆ, ನಿನ್ನೆ ತೆಗೆದ ಹಾಗಿದೆ ಎಂದು ಜನ ಹೊಗಳಿ ಹೊಗಳಿ ಬರೆದರು. ಈಗಲೂ ಬರೆಯುತ್ತಿದ್ದಾರೆ. ನಾನು ಗುಂಪು ಬಿಟ್ಟೆ. ನವೀನನ ಹೆಸರು ಕೇಳಿದರೆ ಈಗಲೂ ಹಲ್ಲು ಕಡಿಯುತ್ತೇನೆ, ಕಡಿಯುವಾಗ ಅರ್ಧ ನನಗಾಗಿಯೇ ಕಡಿಯುತ್ತೇನೆ.

ಎರಡನೇ ಆಟಕ್ಕೆ ನಾವಿಬ್ಬರೇ. ಮಳೆ ನಿಂತು ಕೊಬ್ಬರಿಯನ್ನು ಅಂಗಳಕ್ಕೆ ಹರವಿದ್ದರು. ನಾಲ್ಕನೇ ರೀಲು ಮಾತ್ರ ಹಾಕಿದೆ. ಗೀರುಗಳು ಸುರಿದವು, ಕಾಳು ಕುಣಿಯಿತು. ಸಾಲು ಇಳಿದು ಬಂತು. ನಾಲ್ಕು ಹೆಜ್ಜೆ, ಕತ್ತು ಹೊರಳಿತು, ಕಪ್ಪು ಮಿನುಗಿತು, ಹುಬ್ಬಿನ ಗಾಯ, ಸೊಟ್ಟ ನಗು, ಮತ್ತೆ ಬೆನ್ನು. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಹೊತ್ತು.

"ಹ್ಞಾ," ಎಂದರು ದೊಡ್ಡಪ್ಪ. "ಇವ್ಳೇ."

ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ. ಮತ್ತೊಮ್ಮೆ ಹಾಕಿದೆ. ಅವರು ಕುರ್ಚಿಯ ತುದಿಗೆ ಬಂದಿದ್ದರು. ಸರಿಯಾಗಿ ನೋಡಲಿ ಎಂದು, "ಇರಿ ದೊಡ್ಡಪ್ಪ, ಅಲ್ಲೇ ನಿಲ್ಲಿಸ್ತೀನಿ," ಎಂದು ರಿಮೋಟಿನ ಮೇಲೆ ಬೆರಳಿಟ್ಟೆ.

ಅವರು ಗಾಬರಿಯಿಂದ ನನ್ನ ಕೈ ಹಿಡಿದುಕೊಂಡರು. ಇಪ್ಪತ್ತು ವರ್ಷ ಪ್ರೊಜೆಕ್ಟರಿನಲ್ಲಿ ಉರಿಯುವ ಕಾರ್ಬನ್ ಕಡ್ಡಿಯ ಮುಂದೆ ಫಿಲ್ಮು ಓಡಿಸಿದ ಕೈ ಅದು. ಬೆಳಕಿನ ಎದುರು ಫಿಲ್ಮು ಒಂದು ಗಳಿಗೆ ನಿಂತರೆ ಏನಾಗುತ್ತದೆ ಎಂದು ಅದಕ್ಕೆ ಗೊತ್ತಿತ್ತು.

"ನಿಲ್ಸಬೇಡ ಮಗಾ. ಸುಟ್ಟೋಗ್ತಾಳೆ."

ನಾನು ಬೆರಳು ತೆಗೆದೆ. ಚಿತ್ರ ಓಡುತ್ತಲೇ ಇತ್ತು.